ಅನುಮಾನಕ್ಕೆ ವಿಳಾಸ ಇದೆಯಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಮನೆ ಕೊಳ್ಳುವುದರ ಬಗ್ಗೆಯೇ ಇದ್ದವು. ಒಬ್ಬರು ಇನ್ನೂ ಸಹಿ ಹಾಕಿಲ್ಲ, ಒಬ್ಬರು ಹಾಕಿ ಆಗಿದೆ, ಇನ್ನೊಬ್ಬರು ಹಾಕದೆ ವಾಪಸ್ ಬಂದಿದ್ದಾರೆ. ಮೂವರಿಗೂ ನಿದ್ದೆ ಇಲ್ಲ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಮೂರನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 36 ವರ್ಷ. ಎಂಟು ತಿಂಗಳು ನಾನು, ನನ್ನ ಹೆಂಡತಿ ಸೇರಿ ಇಪ್ಪತ್ತಕ್ಕೂ ಜಾಸ್ತಿ ಮನೆ ನೋಡಿದೆವು. ಕೊನೆಗೆ ಒಂದು ಮನೆ ಇಬ್ಬರಿಗೂ ಹಿಡಿಸಿತು. ಮುಂಗಡ ಕೊಟ್ಟಾಗಿದೆ. ಕರಾರಿಗೆ ಸಹಿ ಹಾಕಲು ಇನ್ನು 12 ದಿನ ಇದೆ. ಮುಂಗಡ ಕೊಟ್ಟ ರಾತ್ರಿಯಿಂದ ನನಗೆ ಸಮಾಧಾನವೇ ಇಲ್ಲ. ಅಡುಗೆಮನೆ ಚಿಕ್ಕದಾಯಿತಾ, ಅವಸರ ಮಾಡಿದೆವಾ, ಬೆಲೆ ಇಳಿದರೆ ಏನು ಗತಿ, ಹೀಗೆ. ರಾತ್ರಿ ಎದ್ದು ಕೂತು ಮೊಬೈಲಿನಲ್ಲಿ ಬೇರೆ ಮನೆಗಳ ಫೋಟೋ ನೋಡುತ್ತೇನೆ. ಮೊನ್ನೆ ಒಂದು ನೋಡಿದೆ, ನಮ್ಮದಕ್ಕಿಂತ ಎಷ್ಟೋ ಬೆಳಕಿತ್ತು. ಹೆಂಡತಿ ಆರಾಮಾಗಿದ್ದಾಳೆ. 'ನಿಮಗೆ ಎಲ್ಲದಕ್ಕೂ ಹೀಗೇ' ಅನ್ನುತ್ತಾಳೆ. ಇನ್ನೆರಡು ತಿಂಗಳು ಟೈಮ್ ಕೇಳಲಾ? ಅಥವಾ ಮುಂಗಡ ಹೋದರೆ ಹೋಗಲಿ ಅಂತ ಬಿಟ್ಟುಬಿಡಲಾ?

ಉತ್ತರ: ಮೊದಲು ಇವತ್ತು ರಾತ್ರಿಯಿಂದ ಆ ಫೋಟೋ ನೋಡುವುದನ್ನು ನಿಲ್ಲಿಸಿ. ನಿಮ್ಮ ಮನೆಗೆ ನೀವು ಹೋಗಿದ್ದೀರಿ, ನಲ್ಲಿ ತಿರುಗಿಸಿದ್ದೀರಿ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತದೆ ಅಂತ ಗೊತ್ತಾಗಿದೆ. ಆ ಫೋಟೋದ ಮನೆಯ ಬಗ್ಗೆ ನಿಮಗೆ ಗೊತ್ತಿರುವುದು ಬೆಳಕು ಒಂದೇ, ಅದೂ ಒಳ್ಳೆಯ ಹೊತ್ತು ನೋಡಿ ತೆಗೆದ ಫೋಟೋದ ಬೆಳಕು. ಅದರ ಕೊರತೆಗಳು ನಿಮಗಿನ್ನೂ ಕಂಡಿಲ್ಲ, ಅಷ್ಟೇ. ಕೊರತೆ ಗೊತ್ತಿರುವ ಮನೆಯನ್ನು ಕೊರತೆ ಕಾಣದ ಮನೆಯ ಪಕ್ಕ ಇಟ್ಟರೆ ಪ್ರತಿಸಲವೂ ನಿಮ್ಮದೇ ಸೋಲುತ್ತದೆ.

ನಿಮ್ಮ ಮನಸ್ಸು ಈಗ ಯಾವ ಜಾಗದಲ್ಲಿ ನಿಂತಿದೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಹೇಳುತ್ತೇನೆ. 1968ರಲ್ಲಿ ನಾಕ್ಸ್ ಮತ್ತು ಇಂಕ್‌ಸ್ಟರ್ ಎಂಬ ಇಬ್ಬರು ಸಂಶೋಧಕರು ಕೆನಡಾದ ಒಂದು ಕುದುರೆ ರೇಸ್ ಮೈದಾನಕ್ಕೆ ಹೋದರು. ಬಾಜಿ ಕಟ್ಟಲು ಸಾಲಿನಲ್ಲಿ ನಿಂತವರನ್ನು, ಹಾಗೇ ಈಗಷ್ಟೇ ಕಟ್ಟಿ ಕಿಟಕಿಯಿಂದ ಈಚೆ ಬಂದವರನ್ನು, 'ನಿಮ್ಮ ಕುದುರೆ ಗೆಲ್ಲುವ ಸಾಧ್ಯತೆ ಎಷ್ಟು' ಅಂತ ಕೇಳಿದರು. ಎರಡು ಗುಂಪಿಗೂ ನಡುವೆ ಒಂದು ನಿಮಿಷದಷ್ಟೂ ಅಂತರ ಇರಲಿಲ್ಲ. ಕಟ್ಟುವ ಮೊದಲು ಸಿಕ್ಕವರು ಅಷ್ಟಕ್ಕಷ್ಟೇ ಅಂದರು, ಕಟ್ಟಿ ಬಂದವರು ಗೆಲುವಿನ ಬಗ್ಗೆ ಬಹಳ ಹೆಚ್ಚು ನಂಬಿಕೆಯಿಂದ ಮಾತಾಡಿದರು. ಕುದುರೆ ಅದೇ, ಓಟ ಇನ್ನೂ ಶುರುವಾಗಿಲ್ಲ.

ಇದನ್ನು ಓದಿ 'ಹಾಗಾದರೆ ಸಹಿ ಹಾಕಿದ ಮೇಲೆ ಸರಿಹೋಗುತ್ತದೆ ಬಿಡಿ' ಅಂತ ಹೇಳುವವರು ಸಿಗುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಬಾಜಿ ಕಟ್ಟಿದ್ದರಿಂದ ಕುದುರೆಯ ಕಾಲಿಗೆ ವೇಗ ಬರಲಿಲ್ಲ ಅಲ್ವಾ? ಸಹಿಗೆ ಮೊದಲಿನ ಹೆದರಿಕೆ ಮನೆ ಕೆಟ್ಟದ್ದು ಅಂತ ತೋರಿಸುವುದಿಲ್ಲ, ಹಾಗೆಯೇ ಸಹಿಯಾದ ಮೇಲಿನ ನೆಮ್ಮದಿ ಮನೆ ಒಳ್ಳೆಯದು ಅಂತಲೂ ತೋರಿಸುವುದಿಲ್ಲ. ಎರಡೂ ನಿಮ್ಮೊಳಗಿನ ಹವಾಮಾನ. ಮನೆಯ ಬಗ್ಗೆ ತಿಳಿಯಬೇಕಾದರೆ ಮನೆಯನ್ನೇ ಕೇಳಬೇಕು, ಕಾಗದವನ್ನು ಕೇಳಬೇಕು, ಲೆಕ್ಕವನ್ನು ಕೇಳಬೇಕು.

ಅದಕ್ಕೆ ಒಂದು ಕೆಲಸ ಮಾಡಿ. ಒಂದು ಹಾಳೆ ತೆಗೆದುಕೊಂಡು ಮನಸ್ಸಿಗೆ ಬಂದ ಅನುಮಾನ ಎಲ್ಲ ಬರೆಯಿರಿ. ಸಣ್ಣದು, ದೊಡ್ಡದು, ಹೇಳಿಕೊಳ್ಳಲು ನಾಚಿಕೆಯಾಗುವಂಥದು, ಯಾವುದನ್ನೂ ಬಿಡಬೇಡಿ. ಪ್ರತಿಯೊಂದರ ಎದುರು 'ಇದಕ್ಕೆ ಉತ್ತರ ಯಾರ ಹತ್ತಿರ ಇದೆ' ಅಂತ ಬರೆಯಿರಿ. ನಾನು ಇದನ್ನು ಅನುಮಾನದ ವಿಳಾಸ ಅನ್ನುತ್ತೇನೆ. 'ಈ ಜಾಗದ ಹಿಂದಿನ ಮಾಲೀಕರೆಲ್ಲರ ಸಹಿ ಸರಿಯಾಗಿದೆಯಾ' ಅನ್ನುವುದಕ್ಕೆ ವಿಳಾಸ ಇದೆ, ವಕೀಲರು. 'ಮಲಗುವ ಕೋಣೆಯ ಮೂಲೆಯಲ್ಲಿ ಹೊಸ ಬಣ್ಣ ಯಾಕೆ ಬಳಿದಿದ್ದಾರೆ' ಅನ್ನುವುದಕ್ಕೆ ವಿಳಾಸ ಇದೆ, ಒಬ್ಬ ಎಂಜಿನಿಯರ್. ಮಾರುವವರು ಗೊತ್ತು ಮಾಡಿದ ಎಂಜಿನಿಯರ್ ಬೇಡ, ನೀವೇ ದುಡ್ಡು ಕೊಟ್ಟು ಕರೆಸಿದವರಾಗಿರಲಿ. 'ರಾತ್ರಿ ಗಲಾಟೆ ಇರುತ್ತಾ' ಅನ್ನುವುದಕ್ಕೂ ವಿಳಾಸ ಇದೆ. ರಾತ್ರಿ ಹತ್ತೂವರೆಗೆ ಹೋಗಿ ಆ ಬೀದಿಯಲ್ಲಿ ಅರ್ಧ ಗಂಟೆ ನಿಂತುಕೊಳ್ಳಿ. ಕೆಲಸಕ್ಕೆ ಹೋಗುವ ದಿನ, ಹೋಗುವ ಹೊತ್ತಿಗೇ ಆ ಮನೆಯಿಂದ ಹೊರಟು ನೋಡಿ. ಮಳೆ ಬಂದರೆ ಪುಣ್ಯ ಅಂತ ಓಡಿ ಹೋಗಿ ಗೋಡೆ ನೋಡಿ ಬನ್ನಿ, ಬಿಸಿಲಲ್ಲಿ ಹತ್ತು ಸಲ ನೋಡಿದರೂ ಕಾಣದ್ದು ಒಂದು ಮಳೆಯಲ್ಲಿ ಕಾಣುತ್ತದೆ. ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿ, ನೀರು ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿ. ಅವರಿಗೆ ನಿಮಗೆ ಏನನ್ನೂ ಮಾರಬೇಕಾಗಿಲ್ಲ, ಹಾಗಾಗಿ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ.

ಅಡುಗೆಮನೆ ಚಿಕ್ಕದು ಅನ್ನುವುದಕ್ಕೂ ವಿಳಾಸ ಇದೆ. ಟೇಪು ಹಿಡಿದು ಈಗಿರುವ ಅಡುಗೆಮನೆ ಅಳೆಯಿರಿ, ಅದನ್ನೂ ಅಳೆಯಿರಿ. ಎಷ್ಟೋ ಸಲ ಈಗ ಇರುವುದೂ ಅಷ್ಟೇ ಇರುತ್ತದೆ.

ಲೆಕ್ಕದ ಅನುಮಾನವನ್ನು ಮಾತ್ರ ತಳ್ಳಿಹಾಕಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ, ಸಾಲದಲ್ಲಿ ತೊಂದರೆ ಏನೆಂದರೆ ಹಾಸಿಗೆಯೇ ಆಮೇಲೆ ಚಿಕ್ಕದಾಗಬಹುದು. ಶೇಕಡಾ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ಸಾಲ ತೆಗೆದಿರಿ ಅಂತ ಇಟ್ಟುಕೊಳ್ಳಿ. ಅದು ಬದಲಾಗುವ ಬಡ್ಡಿ, ಶುರುವಿನಲ್ಲೇ 9 ಆಯಿತು. ಆಗ ಕಂತು ಸುಮಾರು ಶೇಕಡಾ ಏಳೂವರೆ ಏರುತ್ತದೆ. ಕಂತು ಏರಿಸದೆ ಅಷ್ಟೇ ಕಟ್ಟುತ್ತೇನೆ ಅಂದರೆ 20 ವರ್ಷದ ಸಾಲ 25 ವರ್ಷ ದಾಟುತ್ತದೆ. ಇನ್ನು ಬಡ್ಡಿ 10 ಆದರಂತೂ ಹಳೆಯ ಕಂತು ಬಡ್ಡಿಗೇ ಹೆಚ್ಚುಕಡಿಮೆ ಸರಿಹೋಗುತ್ತದೆ, ಅಸಲು ಅಲ್ಲಾಡುವುದೇ ಇಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಬಡ್ಡಿ ಎರಡು ಅಂಕ ಏರಿದರೆ ಕಂತು ಎಷ್ಟಾಗುತ್ತದೆ ಅಂತ ಬ್ಯಾಂಕಿನವರ ಕೈಯಲ್ಲಿ ಈಗಲೇ ಲೆಕ್ಕ ಹಾಕಿಸಿ. ಇಬ್ಬರಲ್ಲಿ ಒಬ್ಬರ ಸಂಬಳ ಆರು ತಿಂಗಳು ನಿಂತರೂ ಅಷ್ಟು ಕಟ್ಟಬಹುದಾ ಅಂತ ಕೂತು ನೋಡಿ. ಆಗಲ್ಲ ಅಂತ ಬಂದರೆ, ಆ ಉತ್ತರಕ್ಕೆ ಬೆಲೆ ಕೊಡಿ, ಮನೆ ಎಷ್ಟೇ ಚೆನ್ನಾಗಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ಹಾಳೆಯಲ್ಲಿ ಒಂದಷ್ಟು ಉಳಿಯುತ್ತವೆ. ಇದಕ್ಕಿಂತ ಒಳ್ಳೆಯದು ಸಿಗುತ್ತಿತ್ತಾ? ಅವಸರ ಮಾಡಿದೆವಾ? ಮುಂದಿನ ವರ್ಷ ಬೆಲೆ ಇಳಿಯುತ್ತಾ? ಇವಕ್ಕೆ ವಿಳಾಸ ಇಲ್ಲ. ಯಾರ ಬಾಗಿಲು ತಟ್ಟಿದರೂ ಉತ್ತರ ಸಿಗುವುದಿಲ್ಲ, ಯಾರು ಎಷ್ಟು ಗಟ್ಟಿಯಾಗಿ ಹೇಳಿದರೂ ಅಷ್ಟೆ. ಇವನ್ನು ಬಗೆಹರಿಸಲು ಹೋಗಬೇಡಿ. ಎಂಟು ತಿಂಗಳು ಹುಡುಕಿ, ಇಪ್ಪತ್ತು ಮನೆ ನೋಡಿ, ಇಬ್ಬರೂ ಒಪ್ಪಿದ್ದನ್ನು ಅವಸರ ಅಂತ ನಾನಂತೂ ಕರೆಯುವುದಿಲ್ಲ.

ಎರಡು ತಿಂಗಳು ಟೈಮ್ ಕೇಳಲಾ ಅಂತ ಕೇಳಿದ್ದೀರಿ. ವಕೀಲರು ಇನ್ನೊಂದು ಕಾಗದ ಬೇಕು ಅಂದರೆ ಖಂಡಿತ ಕೇಳಿ, ಎಷ್ಟು ದಿನ ಬೇಕಾದರೂ ಕೇಳಿ. ಸುಮ್ನೆ ಯೋಚನೆ ಮಾಡಲು ಅಂತಾದರೆ ಬೇಡ. 2002ರಲ್ಲಿ ಗಿಲ್ಬರ್ಟ್ ಮತ್ತು ಎಬರ್ಟ್ ಎಂಬ ಮನಃಶಾಸ್ತ್ರಜ್ಞರು ಫೋಟೋಗ್ರಫಿ ಕಲಿಯುವ ವಿದ್ಯಾರ್ಥಿಗಳಿಗೆ ತಾವು ತೆಗೆದ ಎರಡು ಚಿತ್ರಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ ಅಂದರು. ಕೆಲವರಿಗೆ ಅದೇ ಕೊನೆ. ಇನ್ನು ಕೆಲವರಿಗೆ, ಕೆಲವು ದಿನದೊಳಗೆ ಬೇಕಾದರೆ ಬದಲಾಯಿಸಿಕೊಳ್ಳಿ ಅಂದರು. ಬದಲಾಯಿಸುವ ಅವಕಾಶ ಇದ್ದವರಿಗೆ ತಮ್ಮ ಚಿತ್ರ ಕಡಿಮೆ ಇಷ್ಟವಾಯಿತು. ಬಾಗಿಲು ತೆರೆದೇ ಇದ್ದರೆ ಮನಸ್ಸು ಅಲ್ಲೇ ಹೊಸ್ತಿಲ ಮೇಲೆ ಕೂರುತ್ತದೆ, ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಎರಡು ತಿಂಗಳು ಕೊಟ್ಟರೆ ನಿಮಗೆ ಸಿಗುವುದು ಇನ್ನು ಅರವತ್ತು ರಾತ್ರಿ ಆ ಫೋಟೋಗಳೇ.

ಮುಂಗಡದ ಮಾತು. ಮುಂಗಡ ಹೋಗುತ್ತದೆ ಅನ್ನುವ ಕಾರಣಕ್ಕೆ ಮನೆ ಕೊಳ್ಳಬೇಡಿ. ಅಷ್ಟು ಸಣ್ಣ ಮೊತ್ತವನ್ನು ಉಳಿಸಲು ಅದರ ಎಷ್ಟೋ ಪಟ್ಟು ದುಡ್ಡನ್ನು ತಪ್ಪು ಜಾಗಕ್ಕೆ ಹಾಕಿದ ಹಾಗಾಗುತ್ತದೆ. ಕೈಯಲ್ಲಿದ್ದದ್ದು ಹೋದರೆ ಆಗುವ ನೋವು, ಅಷ್ಟೇ ಕೈಗೆ ಬಂದರೆ ಆಗುವ ಖುಷಿಗಿಂತ ಜಾಸ್ತಿ ಅಂತ ಕಾನೆಮನ್ ಮತ್ತು ಟ್ವೆರ್‌ಸ್ಕಿ 1979ರಲ್ಲೇ ಬರೆದಿಟ್ಟಿದ್ದಾರೆ, ಆ ನೋವನ್ನು ಸರಿಯಾದ ಗಾತ್ರದಲ್ಲಿ ನೋಡಿ. ಕಾಗದ ಕೇಳಿದಾಗೆಲ್ಲ 'ಕೊಡೋಣ, ಅವಸರ ಏನು' ಅನ್ನುವ ಮಾರಾಟಗಾರ, ಸಾಲ ಕೊಡಲು ಹಿಂಜರಿಯುವ ಬ್ಯಾಂಕು, ಗೋಡೆಯಲ್ಲಿ ಓರೆಯಾಗಿ ಓಡಿ ಅಗಲವಾಗುತ್ತಿರುವ ಬಿರುಕಿಗೆ ಎಂಜಿನಿಯರ್ ಕೊಟ್ಟ ಎಚ್ಚರಿಕೆ, ಇವುಗಳಲ್ಲಿ ಒಂದು ಬಂದರೂ ಮುಂಗಡ ಬಿಟ್ಟು ಎದ್ದು ಬನ್ನಿ. ಬಿಡುವ ಮೊದಲು ಕೊಟ್ಟಾಗ ಬರೆದುಕೊಂಡ ಷರತ್ತು ಓದಿ, ಕಾಗದದಲ್ಲಿ ದೋಷ ಇದ್ದರೆ ವಾಪಸ್ ಸಿಗಲೂಬಹುದು.

ಇನ್ನು ನಿಮ್ಮ ಹೆಂಡತಿ. ಅವರು ಆರಾಮಾಗಿದ್ದಾರೆ ಅಂತ ಬರೆದಿದ್ದೀರಿ. ನನಗೆ ಅಷ್ಟು ನಂಬಿಕೆ ಇಲ್ಲ. ಮನೆಯಲ್ಲಿ ಒಬ್ಬರು ಎಲ್ಲ ಹೆದರಿಕೆಯನ್ನೂ ತಾವೇ ಹೊತ್ತುಕೊಂಡರೆ ಇನ್ನೊಬ್ಬರಿಗೆ ಧೈರ್ಯ ಹೇಳುವ ಕೆಲಸ ಮಾತ್ರ ಉಳಿಯುತ್ತದೆ, ತಮ್ಮ ಹೆದರಿಕೆ ಹೇಳಲು ಜಾಗವೇ ಇರುವುದಿಲ್ಲ. ಗ್ಯಾರಿ ಕ್ಲೈನ್ ಎಂಬ ಮನಃಶಾಸ್ತ್ರಜ್ಞರು ದೊಡ್ಡ ಯೋಜನೆಗಳಿಗೆ ಒಂದು ಉಪಾಯ ಹೇಳುತ್ತಾರೆ. ಕೆಲಸ ಶುರುವಾಗುವ ಮೊದಲೇ ಅದು ಕೆಟ್ಟು ಹೋಗಿದೆ ಅಂತ ಅಂದುಕೊಂಡು, ಯಾಕೆ ಕೆಟ್ಟಿತು ಅಂತ ಪ್ರತಿಯೊಬ್ಬರೂ ಬೇರೆ ಬೇರೆ ಬರೆಯುವುದು. ನೀವಿಬ್ಬರೂ ಮಾಡಿ. ಮೂರು ವರ್ಷ ಆಗಿದೆ, ಈ ಮನೆ ತೆಗೆದುಕೊಂಡು ತಪ್ಪು ಮಾಡಿದೆವು ಅನ್ನಿಸುತ್ತಿದೆ, ಯಾಕೆ? ಒಬ್ಬರದು ಒಬ್ಬರು ನೋಡದೆ ಹತ್ತು ನಿಮಿಷ ಬರೆದು, ಆಮೇಲೆ ಹಾಳೆ ಬದಲಾಯಿಸಿಕೊಳ್ಳಿ. ಅವರ ಹಾಳೆಯಲ್ಲಿ ಅಡುಗೆಮನೆ ಇರದೇ ಹೋಗಬಹುದು, ನಿಮಗೆ ಹೊಳೆಯದೇ ಇದ್ದದ್ದು ಇರಬಹುದು.

ಕೊನೆಗೆ ಒಂದು ಸ್ವಂತ ಮಾತು. ನಾನು ಮನೆ ಕೊಂಡಾಗ ಸಹಿಯ ಹಿಂದಿನ ರಾತ್ರಿ ಎರಡು ಗಂಟೆಗೆ ಎದ್ದು ಲೆಕ್ಕ ಹಾಕಿದೆ. ಮೂರು ಸಲ ಹಾಕಿದೆ, ಮೂರು ಸಲವೂ ಒಂದೇ ಉತ್ತರ ಬಂತು, ಎದೆಬಡಿತ ಮಾತ್ರ ಕಡಿಮೆ ಆಗಲಿಲ್ಲ. ಬೆಳಗಿನ ಜಾವ ಗೊತ್ತಾಯಿತು, ನನ್ನ ಹೆದರಿಕೆ ಮನೆಯದ್ದಲ್ಲ. ಆ ಕಂತು ಶುರುವಾದರೆ ನನಗೆ ಇಷ್ಟವಿಲ್ಲದ ಆ ಕೆಲಸ ಬಿಡಲು ಆಗುವುದಿಲ್ಲ ಅನ್ನುವ ಹೆದರಿಕೆ ಅದು. ಸಹಿ ಹಾಕಿದೆ, ಆದರೆ ಸಾಲದ ಮೊತ್ತ ಕಡಿಮೆ ಮಾಡಿಸಿ ಹಾಕಿದೆ, ಇದ್ದ ಉಳಿತಾಯ ಜಾಸ್ತಿ ಸುರಿದೆ. ಎರಡು ವರ್ಷದ ಮೇಲೆ ಕೆಲಸ ಬದಲಾಯಿಸಿದೆ. ನಿಮ್ಮ ಹಾಳೆಯಲ್ಲೂ ಮನೆಯ ಹೆಸರಲ್ಲಿ ಬೇರೆ ಏನಾದರೂ ಬಂದು ಕೂತಿದೆಯಾ ನೋಡಿ. ಇದೇ ಊರಲ್ಲಿ ಉಳಿಯಬೇಕಾ, ಈ ಕೆಲಸದಲ್ಲೇ ಇರಬೇಕಾ, ಅಪ್ಪ ಅಮ್ಮ ಜೊತೆಗೆ ಬರುತ್ತಾರಾ, ಇಂಥವು. ಅವುಗಳ ಬಗ್ಗೆ ಹೆಂಡತಿಯ ಹತ್ತಿರ ಮಾತಾಡಿ. ಅಡುಗೆಮನೆಯ ಅಳತೆಯಲ್ಲಿ ಅವಕ್ಕೆ ಉತ್ತರ ಇಲ್ಲ.

12 ದಿನ ಇದಕ್ಕೆಲ್ಲ ಸಾಕು. ಕೊನೆಯ ಎರಡು ದಿನ ಏನೂ ಮಾಡಬೇಡಿ, ಯಾರನ್ನೂ ಕೇಳಬೇಡಿ.

ಪ್ರಶ್ನೆ: ನಾನು ಒಬ್ಬಳೇ ಇರುವುದು. ನನ್ನ ಸಂಬಳದಲ್ಲೇ ಮನೆ ಕೊಂಡು ನಾಲ್ಕು ತಿಂಗಳಾಯಿತು. ಎಲ್ಲರೂ ಹೊಗಳುತ್ತಾರೆ, ನನಗೆ ಮಾತ್ರ ಒಳಗೊಳಗೇ ಅಳು ಬರುತ್ತದೆ. ಪಕ್ಕದ ರಸ್ತೆಯ ಸದ್ದು ಬೆಳಗ್ಗೆ ಐದಕ್ಕೇ ಶುರು. ಹಳೆಯ ಬಾಡಿಗೆ ಮನೆ ನೆನಪಾಗುತ್ತದೆ. ಮೊನ್ನೆ ಸಾಲದ ಸ್ಟೇಟ್‌ಮೆಂಟ್ ಬಂತು, ನಾನು ಕಟ್ಟಿದ್ದರಲ್ಲಿ ಮುಕ್ಕಾಲುಪಾಲು ಬಡ್ಡಿಗೇ ಹೋಗಿದೆ. ಮೋಸ ಹೋದೆ ಅನ್ನಿಸುತ್ತಿದೆ. ಮಾರಿಬಿಡಲಾ?

ಉತ್ತರ: ಸ್ಟೇಟ್‌ಮೆಂಟ್ ನೋಡಿ ಎದೆ ಧಸಕ್ ಅನ್ನುವುದು ಸಹಜ, ಆದರೆ ಅಲ್ಲಿ ಮೋಸ ಇಲ್ಲ. ದೊಡ್ಡ ಸಾಲದ ಕಂತು ಹಾಗೇ ನಡೆಯುವುದು. ಬಡ್ಡಿ ಬೀಳುವುದು ಉಳಿದ ಅಸಲಿನ ಮೇಲೆ, ಶುರುವಿನಲ್ಲಿ ಉಳಿದದ್ದೇ ಜಾಸ್ತಿ. ಶೇಕಡಾ 8, 20 ವರ್ಷ ಅಂತ ಹಿಡಿದರೆ ಮೊದಲ ಕಂತಿನ ನೂರು ಪಾಲಿನಲ್ಲಿ 80 ಪಾಲು ಬಡ್ಡಿಯೇ. ಅರ್ಧ ಅಸಲು ತೀರಲು ಸುಮಾರು ಹದಿಮೂರೂವರೆ ವರ್ಷ ಹಿಡಿಯುತ್ತದೆ, ಉಳಿದ ಅರ್ಧ ಆರೂವರೆ ವರ್ಷದಲ್ಲಿ ತೀರುತ್ತದೆ. ಇದನ್ನು ಸಾಲ ಕೊಡುವಾಗಲೇ ಯಾರಾದರೂ ಎದುರು ಕೂತು ವಿವರಿಸಿದ್ದರೆ ನೀವು ಇವತ್ತು ಇಷ್ಟು ಕುಗ್ಗುತ್ತಿರಲಿಲ್ಲ, ಅದು ನನಗೂ ಬೇಸರದ ವಿಷಯ. ಬದಲಾಯಿಸಬಹುದಾದದ್ದು ಒಂದಿದೆ. ಇದೇ ಲೆಕ್ಕದ ಸಾಲದಲ್ಲಿ ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟಿ, ಅದನ್ನು ಅಸಲಿಗೇ ಜಮಾ ಮಾಡಿ ಅಂತ ಹೇಳಿದರೆ, ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆಯೇ ಮುಗಿಯುತ್ತದೆ. ಮೊದಲ ವರ್ಷಗಳಲ್ಲಿ ಕಟ್ಟಿದ ಹೆಚ್ಚುವರಿ ದುಡ್ಡಿಗೇ ಬಲ ಜಾಸ್ತಿ. ಆದರೆ ಕೈ ಖಾಲಿ ಮಾಡಿಕೊಂಡು ಕಟ್ಟಬೇಡಿ. ಒಬ್ಬರದೇ ದುಡಿಮೆ ಇರುವಾಗ ಆರು ತಿಂಗಳ ಖರ್ಚು ಪಕ್ಕಕ್ಕೆ ಇರಲೇಬೇಕು, ಅದು ಆದ ಮೇಲೆ ಇದು.

ಮಾರುವ ಮಾತು ಈಗ ಬೇಡ. ಕೊಳ್ಳುವಾಗ ಶುಲ್ಕ, ನೋಂದಣಿ ಅಂತ ಒಂದಷ್ಟು ಹೋಗಿದೆ, ಮಾರುವಾಗ ಮತ್ತೊಂದಷ್ಟು ಹೋಗುತ್ತದೆ. ಒಂದು ವರ್ಷ ಪೂರ್ತಿ ಆಗಲಿ, ಎಲ್ಲ ಕಾಲವೂ ಆ ಮನೆಯಲ್ಲಿ ಒಮ್ಮೆ ಬಂದು ಹೋಗಲಿ. ಅಲ್ಲಿವರೆಗೆ ರಸ್ತೆಯ ಕಡೆಯ ಕೋಣೆಯಲ್ಲಿ ಮಲಗುತ್ತಿದ್ದರೆ ಹಿಂದಿನ ಕೋಣೆಗೆ ಹಾಸಿಗೆ ಬದಲಾಯಿಸಿ ನೋಡಿ, ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ದಪ್ಪ ಪರದೆ ಹಾಕಿ. ಸದ್ದು ಪೂರ್ತಿ ನಿಲ್ಲುವುದಿಲ್ಲ, ಆದರೆ ಐದಕ್ಕೆ ಏಳುವವರು ಆರಕ್ಕೆ ಏಳಬಹುದು.

ಹಳೆಯ ಮನೆ ನೆನಪಾಗುವುದಕ್ಕೆ ತಪ್ಪು ಅರ್ಥ ಕಟ್ಟಬೇಡಿ. ಅಲ್ಲಿ ಕತ್ತಲಲ್ಲೂ ಸ್ವಿಚ್ ಎಲ್ಲಿದೆ ಅಂತ ಕೈಗೆ ಗೊತ್ತಿತ್ತು. ಇಲ್ಲಿ ಕೈ ಇನ್ನೂ ಗೋಡೆ ತಡವುತ್ತಿದೆ. ಆ ಮನೆಯಲ್ಲಿ ಏನೇ ಕೆಟ್ಟರೂ ಮಾಲೀಕರಿಗೆ ಫೋನ್ ಮಾಡುತ್ತಿದ್ದಿರಿ, ಇಲ್ಲಿ ಮಾಲೀಕರು ನೀವೇ. ಒಬ್ಬರೇ ಕೊಂಡವರಿಗೆ ಈ ಭಾರ ಹಂಚಿಕೊಳ್ಳಲು ಯಾರೂ ಇರುವುದಿಲ್ಲ, ಹೊಗಳುವವರ ಮುಂದೆ ಅಳುವುದೂ ಕಷ್ಟ. ಹೊಗಳದೇ ಸುಮ್ಮನೆ ಕೇಳಿಸಿಕೊಳ್ಳುವ ಗೆಳತಿ ಒಬ್ಬಳಿದ್ದರೆ ಈ ವಾರ ಕರೆಯಿರಿ, ರಾತ್ರಿ ಉಳಿದುಕೊಳ್ಳಲು ಹೇಳಿ. ಇನ್ನೂ ಕೆಲವು ವಾರ ಅಳು ಹೀಗೇ ಮುಂದುವರಿದು ಊಟ, ಕೆಲಸ ಯಾವುದೂ ಬೇಡ ಅನ್ನಿಸಿದರೆ ವೈದ್ಯರ ಹತ್ತಿರ ಹೋಗಿ ಬನ್ನಿ, ಅದನ್ನು ಮನೆಯ ಮೇಲೆ ಹಾಕಿ ಕೂರಬೇಡಿ.

ಪ್ರಶ್ನೆ: ಎಲ್ಲ ಕುದುರಿದ ಮೇಲೆ ನಾವು ಒಂದು ಮನೆ ಬಿಟ್ಟೆವು. ಆ ಜಾಗದ ನಾಲ್ಕು ಜನ ವಾರಸುದಾರರಲ್ಲಿ ಒಬ್ಬರ ಸಹಿ ಇರಲಿಲ್ಲ, ಅವರು ಎಲ್ಲಿದ್ದಾರೆ ಅಂತಲೂ ಯಾರೂ ಸರಿಯಾಗಿ ಹೇಳಲಿಲ್ಲ. ಈಗ ಬೇರೆಯವರು ಅದನ್ನೇ ಕೊಂಡು ಬಣ್ಣ ಹೊಡೆಸಿ ಸುಖವಾಗಿದ್ದಾರೆ. ಆ ದಾರಿಯಲ್ಲಿ ಹೋದಾಗೆಲ್ಲ ಹೊಟ್ಟೆ ಉರಿಯುತ್ತದೆ. ಸುಮ್ನೆ ಹೆದರಿ ಕಳೆದುಕೊಂಡೆವಾ?

ಉತ್ತರ: ನಿಮ್ಮ ಅನುಮಾನಕ್ಕೆ ವಿಳಾಸ ಇತ್ತು. ನೀವು ಅಲ್ಲಿಗೆ ಹೋಗಿ ಕೇಳಿದಿರಿ, ಉತ್ತರ ಬರಲಿಲ್ಲ, ವಾಪಸ್ ಬಂದಿರಿ. ಬೇರೆಯವರು ಕೊಂಡರು ಅಂದ ಮಾತ್ರಕ್ಕೆ ಆ ನಾಲ್ಕನೆಯ ಸಹಿ ಬಂದುಬಿಟ್ಟಿದೆ ಅಂತ ಅಲ್ಲ. ಬಂದಿರಲೂಬಹುದು, ಅವರು ಆ ವ್ಯಕ್ತಿಯನ್ನು ಹುಡುಕಿ ಸಹಿ ಮಾಡಿಸಿರಬಹುದು. ಹಾಗಾಗಿದ್ದರೂ ನೀವು ಬಿಟ್ಟ ದಿನ ನಿಮ್ಮ ಕೈಯಲ್ಲಿ ಇದ್ದದ್ದು ಮೂರೇ ಸಹಿ. ಬಣ್ಣ ಹೊಸದಾಗಿ ಕಂಡಾಗ ನೆನಪಿಗೆ ಬರುವುದು ಆ ಮನೆಯ ವರಾಂಡ, ಮರ, ಕಿಟಕಿ, ಕಾಗದ ಮಾತ್ರ ನೆನಪಿಗೆ ಬರುವುದಿಲ್ಲ. ವಕೀಲರು ಕೊಟ್ಟ ಅಭಿಪ್ರಾಯದ ನಕಲು ನಿಮ್ಮ ಹತ್ತಿರ ಇದ್ದರೆ ಎಸೆಯಬೇಡಿ. ಇನ್ನೊಮ್ಮೆ ಆ ದಾರಿಯಲ್ಲಿ ಹೋಗಿ ಬಂದ ಸಂಜೆ ಅದನ್ನು ತೆಗೆದು, ಆ ಮೂರನೇ ಪುಟವೋ ನಾಲ್ಕನೇ ಪುಟವೋ, ಅವರು ಗೆರೆ ಎಳೆದ ಸಾಲನ್ನು ಓದಿ.